ಅತ್ತಿಗೆ, ಚಿತ್ರಸಂತೆಗೆ ಬರೋದಾದ್ರೆ ಇದಿಷ್ಟು ಕೇಳಿಸ್ಕೊಳ್ಳಿ

ಅತ್ತಿಗೆ, ಜನವರಿ ಮೊದಲ ವಾರ ಶಿವಮೊಗ್ಗದಿಂದ ಬೆಂಗಳೂರಿಗೆ ಬಂದು, ಕಲಾವಿದರೇ ರಸ್ತೇಲಿ ಚಿತ್ರ ಮಾರೋ ಚಿತ್ರಸಂತೆ, ಬೆಂಗಳೂರು ಅಂತಾರಾಷ್ಟ್ರೀಯ ಫಿಲ್ಮ್ ಫೆಸ್ಟಿವಲ್ ಎರಡೂ ನೋಡ್ಕೊಂಡು, ಹಾಲ್‌ಗೊಂದು ಚಿತ್ರಾನೂ ತಗೊಂಡು ಹೋಗ್ತೀವಿ ಅಂದಿದೀರಲ್ಲ. ಎರಡೂ ಒಂದೇ ಸಲಕ್ಕೆ ಸಿಗೋದು ಕಷ್ಟ. ಸಂತೆ ಸಾಮಾನ್ಯವಾಗಿ ಜನವರಿ ಮೊದಲ ಭಾನುವಾರ, ಒಂದೇ ದಿನ. ಫೆಸ್ಟಿವಲ್ ತಾರೀಖು ವರ್ಷವರ್ಷ ಬದಲಾಗತ್ತೆ, 2025ರಲ್ಲಿ ಮಾರ್ಚ್ 1ರಿಂದ 8ರವರೆಗೆ ಇತ್ತು. ಈ ಸಲ ಸಂತೆಗೇ ಬನ್ನಿ.

ಅವತ್ತು ಸಂತೆ ನಡೆಯೋ ಕುಮಾರಕೃಪಾ ರಸ್ತೇಲಿ ಗಾಡಿ ಬಿಡಲ್ಲ. ಮೆಜೆಸ್ಟಿಕ್‌ನಿಂದ ಶಿವಾನಂದ ಸರ್ಕಲ್‌ವರೆಗೆ ಆಟೋ ಮಾಡ್ಕೊಂಡು, ಅಲ್ಲಿಂದ ನಡೀರಿ. ಒಂಬತ್ತಕ್ಕೆಲ್ಲ ಅಲ್ಲಿದ್ರೆ ಕಲಾವಿದರ ಹತ್ರ ನಿಂತು ಮಾತಾಡಬಹುದು. ಮಧ್ಯಾಹ್ನದ ಹೊತ್ತಿಗೆ ಎಷ್ಟು ಜನ ಅಂದ್ರೆ, ನಾಲ್ಕು ಹೆಜ್ಜೆ ಹಿಂದೆ ಸರಿದು ಚಿತ್ರ ನೋಡೋಕೂ ಜಾಗ ಇರಲ್ಲ.

ಹಾಲ್ ಗೋಡೆ ಅಳತೆ ಬರ್ಕೊಂಡು ಬನ್ನಿ, ಟೇಪೂ ಇರ್ಲಿ. ತಗೊಳ್ಳೋ ಮುಂಚೆ ಮೂರು ಕೇಳಿ: ಕೈಯಲ್ಲಿ ಬರೆದದ್ದಾ ಪ್ರಿಂಟಾ; ಬಣ್ಣ ಆಯಿಲ್ಲಾ ಆಕ್ರಿಲಿಕ್ಕಾ; ಬರೆದು ಎಷ್ಟು ತಿಂಗಳಾಯ್ತು. ಆಯಿಲ್ ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗೆ ಹಸಿ ಇರತ್ತೆ, ದಪ್ಪಗೆ ಬಳಿದಿದ್ರೆ ತಿಂಗಳುಗಟ್ಟಲೆ. ಅಂಥದ್ದನ್ನ ಸುತ್ತಬೇಡಿ. ಚೆನ್ನಾಗಿ ಒಣಗಿದ ಕ್ಯಾನ್ವಾಸ್ ಆದ್ರೆ ಬಣ್ಣದ ಮಗ್ಗಲು ಹೊರಗೆ ಬರೋ ಹಾಗೆ ಅಗಲವಾದ ಪೈಪಿಗೆ ಸುತ್ತಿಸಿ. ಒಳಗೆ ಮಾಡಿದ್ರೆ ಬಣ್ಣ ಒತ್ತಿಕೊಂಡು ಸುಕ್ಕಾಗತ್ತೆ, ಬಿರುಕು ಬಿಡತ್ತೆ. ಬಬಲ್ ಶೀಟ್ ಬಣ್ಣಕ್ಕೆ ತಾಗಿದ್ರೆ ಗುಳ್ಳೆಯ ಗುರುತು ಕೂರತ್ತೆ, ಮಧ್ಯೆ ಬಟರ್ ಪೇಪರ್ ಇರಲೇಬೇಕು. ಮೈಸೂರು ಶೈಲಿಯ ಚಿನ್ನದ ರೇಕಿನ ಚಿತ್ರವನ್ನಂತೂ ಬಗ್ಗಿಸಲೇಬಾರದು. ರೇಕಿನ ಕೆಳಗಿನ ಉಬ್ಬು ಕೆಲಸ ಒಡೆದು ಉದುರತ್ತೆ. ಅದಕ್ಕೆ ಎರಡು ಕಡೆ ರಟ್ಟು ಕೊಟ್ಟು ಕಟ್ಟಿಸಿ, ರೈಲಲ್ಲಿ ಕೈಯಲ್ಲೇ ಇಟ್ಕೊಳ್ಳಿ.

ಅಲ್ಲೇ, ಸಂತೆ ನಡೆಸೋ ಚಿತ್ರಕಲಾ ಪರಿಷತ್ತಿನ ಒಳಗೆ ರಷ್ಯಾದ ಕಲಾವಿದ ರೋರಿಕ್ ಅವರ ಹಿಮಾಲಯದ ಚಿತ್ರಗಳೂ, ತೊಗಲುಗೊಂಬೆಗಳೂ ಇವೆ. ಸಂತೆ ದಿನ ಸಮಾಧಾನವಾಗಿ ನೋಡೋಕಾಗಲ್ಲ, ಶನಿವಾರವೇ ನೋಡಿಬಿಡಿ. ಅವತ್ತೇ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ಗೂ ಹೋಗಿ, ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇರೋದು ಅಲ್ಲೇ. ಸೋಮವಾರಕ್ಕೆ ಇಟ್ಕೋಬೇಡಿ, ಬಾಗಿಲು ಹಾಕಿರತ್ತೆ. ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರ ಮ್ಯೂಸಿಯಂ ‘ಮ್ಯಾಪ್’ ಕೂಡ ಸೋಮವಾರ ರಜಾ.

ಫೆಸ್ಟಿವಲ್‌ಗೆ ಇನ್ನೊಂದು ಸಲ ಬಂದಾಗ, ಪಾಸ್ ಆನ್‌ಲೈನಲ್ಲಿ ಮೊದಲೇ ಮಾಡಿಸಿ. ಅಣ್ಣಂಗೆ ಹಿರಿಯ ನಾಗರಿಕರ ರಿಯಾಯ್ತಿ ಇದೆಯಾ ಅಂತ ಆಗಲೇ ನೋಡಿ. ಪಾಸಿದ್ರೆ ಸೀಟು ಸಿಕ್ಕಂತಲ್ಲ, ಮೊದಲು ಬಂದೋರಿಗೆ ಮೊದಲು. ಹೆಸರಾದ ಸಿನಿಮಾಕ್ಕೆ ಮುಕ್ಕಾಲು ಗಂಟೆ ಮುಂಚೆ ಸಾಲಲ್ಲಿ ನಿಲ್ಲಿ. ಅಮ್ಮನ್ನೂ ಕರ್ಕೊಂಡು ಬಂದ್ರೆ ಕನ್ನಡ ವಿಭಾಗದ್ದನ್ನೇ ಆರಿಸ್ಕೊಳ್ಳಿ, ಹೊರದೇಶದ ಸಿನಿಮಾಗಳಿಗೆಲ್ಲ ಸಬ್‌ಟೈಟಲ್ ಇಂಗ್ಲಿಷಲ್ಲೇ ಓಡತ್ತೆ.