ಕೊಟ್ಟಿಗೇಲಿ ರಾತ್ರಿಯಿಡೀ ಲೈಟು ಬೇಡ

ಭಾವ, ಮಣಕ ಬೇಗ ಬೆಳೀಲಿ ಅಂತ ಕೊಟ್ಟಿಗೇಲಿ ರಾತ್ರಿಯಿಡೀ ಟ್ಯೂಬ್‌ಲೈಟ್ ಹಾಕಿಡಬಹುದಾ, ಮೆಲಟೋನಿನ್ ಮಾತ್ರೆ ಕೊಟ್ಟರೆ ಹೇಗೆ ಅಂತ ಕೇಳಿದ್ರಲ್ಲ, ಎರಡೂ ಬೇಡ. ಯಾಕೆ ಅಂತ ಹೇಳ್ತೆ.

ಮೆಲಟೋನಿನ್ ಕತ್ತಲೆಯ ಹಾರ್ಮೋನು. ಮೆದುಳಿನ ಪೀನಿಯಲ್ ಗ್ರಂಥಿ ಕತ್ತಲಾದ ಮೇಲೆ ಅದನ್ನ ರಕ್ತಕ್ಕೆ ಬಿಡ್ತದೆ, ಕಣ್ಣಿಗೆ ಬೆಳಕು ಬಿದ್ದರೆ ತಡೀತದೆ. ಅದು ಎಷ್ಟು ಹೊತ್ತು ಹರೀತು ಅನ್ನೋದರ ಮೇಲೇ ಆಕಳಿನ ಮೈಗೆ ರಾತ್ರಿ ಎಷ್ಟುದ್ದ ಅಂತ ಗೊತ್ತಾಗೋದು. ಜಪಾನಿನಲ್ಲಿ ಬೀಜ ಒಡೆದ ಹೋಲ್‌ಸ್ಟೀನ್ ಹೋರಿಗಳ ಮೆದುಳಿನೊಳಗೇ ಮೆಲಟೋನಿನ್ ಬಿಟ್ಟು ನೋಡಿದಾಗ ಬೆಳವಣಿಗೆ ಹಾರ್ಮೋನು ಏರಿತು. ರಾತ್ರಿ ನಡುವೆ ಬೆಳಕು ಹಾಕಿದಾಗ ಸಹಜವಾಗಿ ಏರಬೇಕಾದ್ದೂ ತಗ್ಗಿತು. ಆದರೆ ಮೆದುಳಿಗೆ ನೇರ ಬಿಟ್ಟದ್ದು ಬೇರೆ, ಹಿಂಡಿಯಲ್ಲಿ ಕಲಸಿ ಕೊಡೋ ಮಾತ್ರೆ ಬೇರೆ. ಆ ಪ್ರಯೋಗ ನೋಡಿ ಮಾತ್ರೆ ಕೊಡೂದಕ್ಕೆ ಅರ್ಥ ಇಲ್ಲ.

ಹಾಗಾದ್ರೆ ಬೆಳಕು ಹೆಚ್ಚು ಕೊಟ್ಟರೆ ಮಣಕ ಬೆಳೀತದೆ, ಹಾಲು ಏರ್ತದೆ ಅನ್ನೋದು ಸುಳ್ಳಾ? ಸುಳ್ಳಲ್ಲ. ಜನ ತಪ್ಪೋದು ಇಲ್ಲೇ. ದಿನಕ್ಕೆ 16 ಗಂಟೆ ಬೆಳಕು, 8 ಗಂಟೆ ಗಟ್ಟಿ ಕತ್ತಲೆ ಸಿಕ್ಕರೆ ಏರೋದು ಮುಖ್ಯವಾಗಿ ಐಜಿಎಫ್-1 (ಮೈ ಬೆಳೆಸೋ ಇನ್ನೊಂದು ಹಾರ್ಮೋನು) ಮತ್ತು ಪ್ರೊಲ್ಯಾಕ್ಟಿನ್ (ಹಾಲಿನ ಹಾರ್ಮೋನು). ಬೆಳವಣಿಗೆ ಹಾರ್ಮೋನು ಅಷ್ಟಾಗಿ ಬದಲಾಗೂದಿಲ್ಲ. 24 ಗಂಟೆಯೂ ಬೆಳಕಿದ್ದರೆ ಈ ಲಾಭ ಇಲ್ಲ, ರಾತ್ರಿಯ ಗುರುತೇ ಮೈಗೆ ಸಿಗೂದಿಲ್ಲವಲ್ಲ.

ಶಿರಸಿ ಕಡೆ ಡಿಸೆಂಬರಲ್ಲಿ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನಲ್ಲಿ 13 ಗಂಟೆ. ಆದರೆ ಜೂನಲ್ಲಿ ಮಳೆಮೋಡ, ಅಡಿಕೆ ತೋಟದ ನೆರಳು, ತಗ್ಗಿನ ಮಾಡು, ಎಲ್ಲ ಸೇರಿ ಕೊಟ್ಟಿಗೆ ಮಧ್ಯಾಹ್ನವೂ ಮಬ್ಬೇ. ಬೆಳಿಗ್ಗೆ 5ರಿಂದ ರಾತ್ರಿ 9ರ ತನಕ ಬೆಳಕಿರಲಿ. ನಿಂತ ಆಕಳಿನ ಕಣ್ಣಿನ ಮಟ್ಟದಲ್ಲಿ 150ರಿಂದ 200 ಲಕ್ಸ್ (ಬೆಳಕಿನ ಅಳತೆ) ಬೇಕು. ಮೊಬೈಲ್‌ನ ಲಕ್ಸ್ ಆಪ್ ಹಿಡಿದು ಗೋದಲಿ ಹತ್ತಿರ ಅಳೆದರೆ ಅಂದಾಜು ಸಿಗ್ತದೆ. 10ಕ್ಕೆ 20 ಅಡಿ ಕೊಟ್ಟಿಗೆಗೆ 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಮೂರು ಹಾಕಿ. ಗೋಡೆ ಹೊಗೆ ಹಿಡಿದು ಕಪ್ಪಾಗಿದ್ದರೆ ಮೊದಲು ಸುಣ್ಣ ಹೊಡೀರಿ, ಇಲ್ಲದಿದ್ದರೆ ಮೂರೂ ಸಾಲೂದಿಲ್ಲ. ಟೈಮರ್ ಬ್ಯಾಟರಿ ಇರೋದೇ ತಗೊಳ್ಳಿ. ಬರೀ ಕರೆಂಟಿನ ಮೇಲೆ ತಿರುಗೋದು ಮಳೆಗಾಲದ ಕರೆಂಟ್ ಕಟ್ಟಿಗೆ ಹಿಂದೆ ಬಿದ್ದು ನಡುರಾತ್ರಿ ಲೈಟ್ ಹಾಕ್ತದೆ. ರಾತ್ರಿ ಕರು ಹಾಕೋ ಆಕಳನ್ನ ನೋಡಬೇಕಾದರೆ ಮಂದ ಕೆಂಪು ಬಲ್ಬ್ ಸಾಕು.

ಹಾಲು ಬತ್ತಿಸಿದ ಗಬ್ಬದ ಆಕಳಿಗೆ ಮಾತ್ರ ಇದು ಉಲ್ಟಾ. ಕೊನೆಯ 60 ದಿನ ಹೆಚ್ಚುವರಿ ಲೈಟು ಬೇಡ. ಆಗ ಉದ್ದ ಕತ್ತಲೆ ಸಿಕ್ಕ ಆಕಳು ಕರು ಹಾಕಿದ ಮೇಲೆ ಹೆಚ್ಚು ಹಾಲು ಕೊಡ್ತದೆ. ಅದನ್ನ ಬೇರೆ ಮೂಲೆಯಲ್ಲಿ ಕಟ್ಟಿ ಗೋಣಿ ಪರದೆ ಇಳಿಬಿಡಿ.

ಹಾಲು ಕೊಡೋ ಹೋಲ್‌ಸ್ಟೀನ್‌ಗಳಲ್ಲಿ ದಿನಕ್ಕೆ 2 ಲೀಟರ್ ಆಸುಪಾಸು ಏರಿದ್ದಿದೆ, ಅದೂ ಮೂರು ನಾಲ್ಕು ವಾರ ಕಳೆದ ಮೇಲೆ. ಮಲೆನಾಡು ಗಿಡ್ಡಕ್ಕೆ ಅಷ್ಟು ಆಸೆ ಇಟ್ಟುಕೊಳ್ಳಬೇಡಿ. ಬೆಳಕು ಹೆಚ್ಚಾದರೆ ದನ ಹೆಚ್ಚು ತಿಂತದೆ, ಆ ಹೊತ್ತಿಗೆ ಗೋದಲಿ ಖಾಲಿ ಇದ್ದರೆ ಕರೆಂಟ್ ಬಿಲ್ ಒಂದೇ ಏರೋದು.