ದಿಗಿಲು ಅಂದರೆ ಥಟ್ಟನೆ ಆಗುವ ಭಯವೋ, ಒಳಗೇ ಕೂತು ಕಾಡುವ ಭಯವೋ?

ಎಲ್ಲರಿಗೂ ನಮಸ್ಕಾರ.

ನನ್ನ ಪ್ರಶ್ನೆ ‘ದಿಗಿಲು’ ಅನ್ನುವ ಪದದ ಬಗ್ಗೆ. ನಿಮ್ಮ ಕಡೆ ಇದನ್ನು ಯಾವಾಗ ಬಳಸುತ್ತೀರಿ? ಹಾವು ಕಾಲ ಹತ್ತಿರ ಸರಿದಾಗ ಆಗುವುದು ದಿಗಿಲೋ, ಮಗ ರಾತ್ರಿ ಹತ್ತಾದರೂ ಮನೆಗೆ ಬರಲಿಲ್ಲ ಅಂತ ತಾಯಿಗೆ ಆಗುವುದು ದಿಗಿಲೋ? ಎರಡೂ ಅನ್ನುವುದಾದರೆ ಯಾವುದು ಮೊದಲು ನೆನಪಿಗೆ ಬರುತ್ತದೆ?

ಯಾಕೆ ಕೇಳುತ್ತಿದ್ದೇನೆ ಅಂತ ಹೇಳುತ್ತೇನೆ. ಹಾಸನದಲ್ಲಿ ನಾವು ಕೆಲವು ಸಿನಿಮಾ ಹುಚ್ಚಿನವರು ಭಾನುವಾರ ಸಂಜೆ ಮಹಾರಾಜ ಪಾರ್ಕಿನಲ್ಲಿ ಸೇರುತ್ತೇವೆ. ಸಕಲೇಶಪುರ, ಮೂಡಿಗೆರೆ, ಅರಸೀಕೆರೆ ಕಡೆಯವರಿದ್ದಾರೆ. ಮಂಗಳೂರಿನಿಂದ ಬಂದು ಇಲ್ಲೇ ನೆಲೆ ನಿಂತ ಒಬ್ಬರಿದ್ದಾರೆ. ಮಾತು ಶುರುವಾಗುವುದು ಯಾವುದರಿಂದಲೋ, ಬಂದು ನಿಲ್ಲುವುದು ಮಾತ್ರ ಸೂಪರ್‌ಹೀರೋ, ಕಲ್ಟ್, ಹಾರರ್ ಈ ಮೂರರಲ್ಲೇ. ಈಗ ಒಂದೊಂದು ಹಾರರ್ ಸಿನಿಮಾಕ್ಕೂ ಕನ್ನಡದಲ್ಲಿ ಒಂದು ಪುಟದ ಪರಿಚಯ ಬರೆಯಲು ಹೊರಟಿದ್ದೇವೆ. ಕೂತು ಬರೆದಾಗಲೇ ಗೊತ್ತಾಗಿದ್ದು, ಬಾಯಲ್ಲಿ ಸಲೀಸಾಗಿ ಬರುವ ಮಾತು ಹಾಳೆಯ ಮೇಲೆ ಅಷ್ಟು ಸಲೀಸಾಗಿ ಬರುವುದಿಲ್ಲ ಅಂತ.

ಮೊದಲ ತಕರಾರು ‘ದೆವ್ವದ ಸಿನಿಮಾ’ ಅನ್ನುವುದರ ಮೇಲೆ. ನಮ್ಮ ಕಡೆ ಹಾರರ್ ಅಂದರೆ ದೆವ್ವದ ಸಿನಿಮಾ, ಅಷ್ಟೆ. ಆದರೆ 2004ರ ‘ಆಪ್ತಮಿತ್ರ’ ನೋಡಿ. ನಾಗವಲ್ಲಿ ಹೆಸರು ಕೇಳಿದರೆ ಇವತ್ತಿಗೂ ಜನ ದೆವ್ವ ಅಂತಲೇ ಹೇಳುತ್ತಾರೆ. ಕತೆ ಕೊನೆಗೆ ಹೇಳುವುದು ಏನು? ಅದು ಮನಸ್ಸಿನ ಕಾಯಿಲೆ ಅಂತ. ಹೆದರಿಕೆಯೆಲ್ಲ ನಿಜ, ಹೆದರಿಸಿದ್ದು ಮಾತ್ರ ದೆವ್ವ ಅಲ್ಲ. ಇನ್ನು 1960ರ ‘ಸೈಕೋ’ದಲ್ಲಿ ದೆವ್ವದ ಸುಳಿವೂ ಇಲ್ಲ. ಹಾಗಾಗಿ ‘ದೆವ್ವದ ಸಿನಿಮಾ’ ಎಲ್ಲ ಕಡೆ ಹೊಂದುವುದಿಲ್ಲ.

‘ಭಯಾನಕ’ ಬರೆಯಬಹುದು. ನವರಸದಲ್ಲೇ ಇದೆ, ಪಕ್ಕದಲ್ಲಿ ‘ಬೀಭತ್ಸ’ವೂ ಇದೆ. ಭಯ ಬೇರೆ, ಹೇಸಿಗೆ ಬೇರೆ ಅಂತ ನಮ್ಮ ಹಿಂದಿನವರು ಚೆನ್ನಾಗಿ ತಿಳಿದಿದ್ದರು. ರಕ್ತ, ಕರುಳು ತೋರಿಸಿ ಮುಖ ತಿರುಗಿಸುವಂತೆ ಮಾಡುವ ಸಿನಿಮಾಕ್ಕೆ ಬೀಭತ್ಸ ಅನ್ನುವುದು ತಕ್ಕ ಮಾತೇ. ಆದರೆ ‘ಭಯಾನಕ’ ಈಗ ಪತ್ರಿಕೆಯಲ್ಲಿ ಅಪಘಾತದ ಸುದ್ದಿಗೆ ಅಂಟಿಕೊಂಡಿದೆ. ‘ಭಯಂಕರ’ದ ಕತೆಯಂತೂ ಕೇಳಲೇಬೇಡಿ. ನಮ್ಮ ಮಲೆನಾಡಿನ ಗೆಳೆಯರ ಬಾಯಲ್ಲಿ ‘ಊಟ ಭಯಂಕರ ಚೆನ್ನಾಗಿತ್ತು’, ‘ಭಯಂಕರ ಒಳ್ಳೆಯವರು’ ಅಂತ ದಿನಾ ಬರುತ್ತದೆ. ಅಲ್ಲಿ ಭಯ ಎಲ್ಲಿದೆ? ‘ಭಯಂಕರ ಸಿನಿಮಾ’ ಅಂದರೆ ‘ಬಹಳ ಚೆನ್ನಾಗಿದೆ, ಹೋಗಿ ನೋಡು’ ಅಂತಲೇ ಅರ್ಥ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಾರರ್ ನೋಡುವವರಿಗೆ ಅದಕ್ಕೆ ಇಡುವ ಹೆಸರಿಗಿಂತ ಹೆದರಿಕೆಯ ಬಗೆ ಮುಖ್ಯ. ನಮ್ಮಲ್ಲಿ ಒಬ್ಬರು ಸಿನಿಮಾ ನೋಡಿ ಬಂದು ಹೇಳುವ ಮಾತು ಹೀಗಿರುತ್ತದೆ: ‘ಸುಮ್ನೆ ಬೆಚ್ಚಿ ಬೀಳಿಸ್ತಾರೆ ಕಣ್ರೀ, ಹೆದರ್ಸೋದಿಲ್ಲ.’ ಇಡೀ ವಿಮರ್ಶೆ ಆ ಒಂದು ಮಾತಿನಲ್ಲಿದೆ. ಬೆಚ್ಚುವುದು ಮೈಗೆ ಸೇರಿದ್ದು. ಕದ ದಢಾರನೆ ಬಡಿದರೆ ಯಾರಾದರೂ ಬೆಚ್ಚುತ್ತಾರೆ, ಎರಡು ಉಸಿರಲ್ಲಿ ಅದು ಮುಗಿದುಹೋಗುತ್ತದೆ. ಈ ‘ಬೆಚ್ಚು’ ಹಳಗನ್ನಡದ ‘ಬೆರ್ಚು’. ಗದ್ದೆಯಲ್ಲಿ ನಿಲ್ಲಿಸುವ ಬೆರ್ಚಪ್ಪನಲ್ಲಿ ಆ ಹಳೆಯ ರೂಪ ಇನ್ನೂ ಹಾಗೇ ಇದೆ. ಮೂಡಿಗೆರೆಯ ಗೆಳೆಯರು ಇಂಥ ಸಿನಿಮಾಗಳನ್ನು ‘ಬೆರ್ಚಪ್ಪನ ಸಿನಿಮಾ’ ಅನ್ನುತ್ತಾರೆ. ಹಕ್ಕಿ ಎರಡು ದಿನ ಹೆದರುತ್ತದೆ, ಮೂರನೇ ದಿನ ಅದರ ತಲೆ ಮೇಲೇ ಕೂರುತ್ತದೆ.

ಹಾಗಾದರೆ ಬೆಚ್ಚುವುದಕ್ಕೆ ಮುಂಚಿನ ಆ ಹೊತ್ತಿಗೆ ಏನನ್ನಬೇಕು? 1942ರ ‘ಕ್ಯಾಟ್ ಪೀಪಲ್’ ಸಿನಿಮಾದ ಒಂದು ದೃಶ್ಯ ಹೇಳುತ್ತೇನೆ. ರಾತ್ರಿ. ಒಬ್ಬ ಹೆಂಗಸು ಪಾರ್ಕಿನ ಗೋಡೆ ಪಕ್ಕ ಒಬ್ಬಳೇ ನಡೆಯುತ್ತಿದ್ದಾಳೆ. ಹಿಂದೆ ಇನ್ನೊಬ್ಬಳ ಹೆಜ್ಜೆ ಸದ್ದು. ಬೀದಿದೀಪದ ಬೆಳಕು, ಆಮೇಲೆ ಕತ್ತಲು, ಮತ್ತೆ ಬೆಳಕು. ಹಿನ್ನೆಲೆ ಸಂಗೀತ ಇಲ್ಲ, ಬರೀ ಚಪ್ಪಲಿ ಸದ್ದು. ಒಂದು ಕಡೆ ಹಿಂದಿನ ಹೆಜ್ಜೆ ನಿಂತುಬಿಡುತ್ತದೆ. ಇವಳು ತಿರುಗಿ ನೋಡುತ್ತಾಳೆ, ಯಾರೂ ಇಲ್ಲ. ನಡಿಗೆ ಓಟವಾಗುತ್ತದೆ. ಆಗ ಪಕ್ಕದಿಂದ ಬುಸ್ಸೆಂದು ಏನೋ ನುಗ್ಗುತ್ತದೆ. ನೋಡಿದರೆ ಅದು ಬಸ್ಸು, ಬ್ರೇಕ್ ಹಾಕಿ ನಿಂತಿದೆ. ಹೆದರಿಸುವ ಆ ತಂತ್ರಕ್ಕೆ ನಿರ್ಮಾಪಕ ವ್ಯಾಲ್ ಲ್ಯೂಟನ್ ಹೆಸರು ಸೇರಿಸಿ ‘ಲ್ಯೂಟನ್ ಬಸ್’ ಅಂತಲೇ ಕರೆಯುತ್ತಾರೆ.

ಬಸ್ಸು ನುಗ್ಗಿದಾಗ ಆದದ್ದು ಬೆಚ್ಚು. ಅದರಲ್ಲಿ ಯಾರಿಗೂ ಅನುಮಾನ ಇಲ್ಲ. ಹಿಂದಿನ ಹೆಜ್ಜೆ ನಿಂತಾಗ ನಮಗೆ ಆದದ್ದು ಏನು? ನಾನು ದಿಗಿಲು ಅಂದೆ. ಅರಸೀಕೆರೆಯವರು ಒಪ್ಪಲೇ ಇಲ್ಲ. ಅವರ ಮನೆಯಲ್ಲಿ ‘ದಿಗ್ಲು ಬಿದ್ದು ಓಡ್ ಬಂದ’ ಅಂದರೆ ಥಟ್ಟನೆ ಏನನ್ನೋ ಕಂಡು ಓಡಿ ಬಂದ ಅಂತ. ಹಾಗಾದರೆ ದಿಗಿಲು ಬಸ್ಸಿನ ಪಾಲಿಗೆ ಹೋಗುತ್ತದೆ. ಸಕಲೇಶಪುರದವರ ಮನೆಯಲ್ಲಿ ‘ಯಾಕೋ ದಿಗಿಲು ಹತ್ತಿದೆ’ ಅಂದರೆ ಏನೋ ಕೆಟ್ಟದ್ದು ಕಾದಿದೆ ಅನ್ನುವ ಕಳವಳ. ಕಾರಣ ಕಣ್ಣಿಗೆ ಕಾಣುವುದಿಲ್ಲ, ಆದರೂ ಹೊಟ್ಟೆಯಲ್ಲಿ ಕೂತಿರುತ್ತದೆ. ‘ಬೀಳುವ’ ದಿಗಿಲು ಬೇರೆ, ‘ಹತ್ತುವ’ ದಿಗಿಲು ಬೇರೆ ಇರಬಹುದೇ? ಕ್ರಿಯಾಪದ ಬದಲಾದರೆ ಅರ್ಥವೂ ಬದಲಾಗುತ್ತದೆಯೇ? ನನಗೆ ಹಾಗೆ ಅನಿಸುತ್ತದೆ. ಆದರೆ ಎರಡು ಮನೆಯ ಮಾತು ನಂಬಿ ತೀರ್ಮಾನಕ್ಕೆ ಬರುವುದು ಸರಿಯಲ್ಲ, ಅಲ್ವಾ? ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು.

ಇನ್ನೊಂದು ಪದದ ಬಗ್ಗೆ ನನಗೆ ಅನುಮಾನವೇ ಇಲ್ಲ: ‘ಅಂಜು’. 2022ರಲ್ಲಿ ‘ಕಾಂತಾರ’ ಬಂದಾಗ ನಮ್ಮಲ್ಲಿ ಒಬ್ಬರು ಅದನ್ನು ಹಾರರ್ ಪಟ್ಟಿಗೆ ಸೇರಿಸಿದರು. ಮಂಗಳೂರಿನ ಗೆಳೆಯರಿಗೆ ಬಹಳ ಬೇಸರವಾಯಿತು. ಪಂಜುರ್ಲಿ, ಗುಳಿಗ ಅವರಿಗೆ ನಂಬಿಕೊಂಡು ಬಂದ ದೈವ. ಕರಾವಳಿಯಲ್ಲಿ ದೈವಕ್ಕೆ ಭೂತ ಅಂತಲೂ ಹೇಳುತ್ತಾರೆ, ಕೋಲ ಕೊಟ್ಟು ಕೈ ಮುಗಿಯುತ್ತಾರೆ. ಹಾಸನದ ಬಯಲು ಕಡೆ ‘ಭೂತ’ ಅಂದರೆ ಮಕ್ಕಳು ಕದ ಹಾಕಿಕೊಳ್ಳುತ್ತಾರೆ. ಕೊಪ್ಪ, ಶೃಂಗೇರಿ ಕಡೆ ಹೋದರೆ ಭೂತರಾಯನಿಗೂ ಚೌಡಿಗೂ ಪೂಜೆ ಇದೆ. ಜೊತೆಗೆ ‘ದೆವ್ವ’ವೇ ‘ದೈವ’ದ ತದ್ಭವ. ಒಂದೇ ಬೇರಿನ ಪದ, ಘಟ್ಟದ ಕೆಳಗೆ ಪೂಜೆ, ಮೇಲೆ ಬೇವಿನ ಸೊಪ್ಪಿನ ಏಟು. ಜಗಳ ಬಿಡಿಸಿದ್ದು ನಮ್ಮದೇ ಭಾಷೆ. ನಾವು ದೇವರಿಗೆ ಅಂಜುತ್ತೇವೆ, ದೆವ್ವಕ್ಕೆ ಹೆದರುತ್ತೇವೆ. ಅಂಜಿಕೆಯಲ್ಲಿ ಗೌರವ ಬೆರೆತಿದೆ, ಹೆದರಿಕೆಯಲ್ಲಿ ಇಲ್ಲ. ‘ಕಾಂತಾರ’ದ ಕೊನೆಯಲ್ಲಿ ಮೈ ನಡುಗಿಸುವುದು ಅಂಜಿಕೆ. ಹಾರರ್ ಪಟ್ಟಿಯಿಂದ ಅದನ್ನು ತೆಗೆದೆವು, ತೆಗೆದದ್ದು ಸರಿ ಅಂತ ಈಗಲೂ ನನ್ನ ನಂಬಿಕೆ.

ಈ ಊರಿನಲ್ಲಿ ಕೂತು ಈ ಮಾತು ಆಡುವುದಕ್ಕೆ ಇನ್ನೊಂದು ಕಾರಣವಿದೆ. ಹಾಸನದ ಹತ್ತಿರ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ನೋಡಿದ್ದೀರಾ? ಹೊಯ್ಸಳರ ಕಾಲದ್ದು, ಹನ್ನೆರಡನೇ ಶತಮಾನದ್ದು. ಅಲ್ಲಿ ಕಾಳಿಯ ಗರ್ಭಗುಡಿ ಮುಂದೆ ಎರಡು ಬೇತಾಳಗಳು ನಿಂತಿವೆ. ಮೈಮೇಲೆ ಮಾಂಸವಿಲ್ಲ, ಪಕ್ಕೆಲುಬು ಒಂದೊಂದೂ ಎಣಿಸುವ ಹಾಗೆ ಕೆತ್ತಿದ್ದಾರೆ. ಆ ಕಲ್ಲಿನ ಮುಂದೆ ಮಬ್ಬಿನಲ್ಲಿ ಒಂದು ನಿಮಿಷ ನಿಂತರೆ ಹೆದರಿಕೆ, ಅಂಜಿಕೆ ಎರಡೂ ಒಟ್ಟಿಗೆ ಆಗುತ್ತದೆ. ಅದಕ್ಕೆ ಪದ ಇದೆಯೇ? ಇದ್ದರೆ ದಯವಿಟ್ಟು ಹೇಳಿ.

ಸೂಪರ್‌ಹೀರೋ ವಿಷಯ ಬೇಗ ಮುಗಿಸುತ್ತೇನೆ. ‘ಅತಿಮಾನವ’ ಪುಸ್ತಕದಲ್ಲಿ ಚೆನ್ನ, ಯಾರ ಬಾಯಲ್ಲೂ ಬರುವುದಿಲ್ಲ. ‘ಮಹಾವೀರ’ ಅಂತ ಒಬ್ಬರು ಸೂಚಿಸಿದರು. ಶ್ರವಣಬೆಳಗೊಳ ಇರುವ ಜಿಲ್ಲೆಯಲ್ಲಿ ಆ ಹೆಸರು ಇಪ್ಪತ್ತನಾಲ್ಕನೇ ತೀರ್ಥಂಕರನದು, ಬೇರೆಯವರಿಗೆ ಕೊಡಲು ಬರುವುದಿಲ್ಲ. ಬರೀ ‘ವೀರ’ ಅಂದರೆ ಊರೂರಿನ ವೀರಗಲ್ಲು ಕಣ್ಣಿಗೆ ಬರುತ್ತದೆ. ನಮ್ಮ ವೀರ ತುರು ಬಿಡಿಸಲು ಹೋಗಿ ಸತ್ತವನು, ಸೂಪರ್‌ಹೀರೋ ಮುಂದಿನ ಭಾಗಕ್ಕೆ ಎದ್ದು ಬರುವವನು. ‘ಸೂಪರ್‌ಹೀರೋ’ ಅಂತಲೇ ಬರೆಯುತ್ತಿದ್ದೇವೆ, ಅದರಲ್ಲಿ ಏನೂ ಕೊರತೆ ಕಾಣುತ್ತಿಲ್ಲ.

‘ಕಲ್ಟ್’ ಪದವನ್ನೂ ಹಾಗೇ ಇಟ್ಟುಕೊಂಡಿದ್ದೇವೆ, ಆದರೆ ಅರ್ಥ ಕಾಪಾಡಿಕೊಂಡು. ಈಗ ಹುಡುಗರು ಚೆನ್ನಾಗಿರುವುದಕ್ಕೆಲ್ಲ ‘ಕಲ್ಟ್ ಗುರು’ ಅನ್ನುತ್ತಾರೆ. ಬಂದಾಗ ಹೆಚ್ಚು ಜನ ನೋಡದ, ಆಮೇಲೆ ಕೆಲವರು ಎದೆಗೆ ಹಚ್ಚಿಕೊಂಡು ಉಳಿಸಿದ ಸಿನಿಮಾ ಅನ್ನುವ ಮೊದಲಿನ ಅರ್ಥ ಕಳೆಯಬಾರದು ಅಂತ ನನ್ನ ಆಸೆ. ‘ತುಂಬಾಡ್’ ಇದಕ್ಕೆ ಸರಿಯಾದ ಉದಾಹರಣೆ. 2018ರಲ್ಲಿ ಬಂದು ಹೋಯಿತು. 2024ರಲ್ಲಿ ಮತ್ತೆ ಥಿಯೇಟರಿಗೆ ಬಂದಾಗ ಮೊದಲ ಸಲಕ್ಕಿಂತ ಜಾಸ್ತಿ ದುಡ್ಡು ಮಾಡಿತು. ಮಳೆ ಬಿಡದೆ ಸುರಿಯುವ ಆ ಸಿನಿಮಾದ ಪರಿಚಯ ಬರೆಯುವಾಗಲೇ ನಾವು ದಿಗಿಲು ಪದಕ್ಕೆ ಬಂದು ಸಿಕ್ಕಿಹಾಕಿಕೊಂಡದ್ದು. ಅಲ್ಲಿ ಬೆಚ್ಚಿ ಬೀಳುವುದು ಕಡಿಮೆ. ಹಳೇ ವಾಡೆ, ಒದ್ದೆ ಗೋಡೆ, ಒಳಗೆ ಸರಪಳಿ ಹಾಕಿ ಕೂಡಿಟ್ಟ ಅಜ್ಜಿ. ನೋಡುತ್ತಾ ನೋಡುತ್ತಾ ಏನೋ ಹತ್ತಿಕೊಳ್ಳುತ್ತದೆ.

ಆ ‘ಏನೋ’ಗೆ ದಿಗಿಲು ಅಂತ ಬರೆದರೆ ನಿಮ್ಮೂರಿನಲ್ಲಿ ಓದುವವರಿಗೆ ಏನು ಅರ್ಥವಾಗುತ್ತದೆ? ಕಳವಳ, ಅಳುಕು, ಪುಕುಪುಕು ಇವನ್ನೂ ತೂಗಿ ನೋಡಿದೆವು. ಕಳವಳದಲ್ಲಿ ಚಿಂತೆ ಜಾಸ್ತಿ, ಅಳುಕಿನಲ್ಲಿ ಹಿಂಜರಿಕೆ ಜಾಸ್ತಿ, ಪುಕುಪುಕು ಪರೀಕ್ಷೆಯ ಫಲಿತಾಂಶದ ದಿನದ್ದು. ಉತ್ತರ ಬರೆಯುವಾಗ ನಿಮ್ಮ ತಾಲೂಕು ಯಾವುದು, ಮನೆಯಲ್ಲಿ ದಿಗಿಲು ‘ಬೀಳುತ್ತದೆಯೋ’, ‘ಹತ್ತುತ್ತದೆಯೋ’, ಬರೀ ‘ಆಗುತ್ತದೆಯೋ’ ತಿಳಿಸಿ. ಹಿರಿಯರು ಆಡಿದ ಒಂದು ವಾಕ್ಯವನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದು ಕಳಿಸಿದರೆ ಇನ್ನೂ ಒಳ್ಳೆಯದು. ನಿಘಂಟಿನ ಅರ್ಥಕ್ಕಿಂತ ಅದೇ ನಮಗೆ ಜಾಸ್ತಿ ಬೇಕು.