ಪದಚರ್ಚೆ: ‘ಬಾಸ್’ ಮತ್ತು ‘ಲೀಡರ್’, ಗೋಡೆಬರಹಕ್ಕೆ ಕನ್ನಡ ಬೇಕು

ಪ್ರಶ್ನೆ:
ಕಲಬುರಗಿಯ ಒಂದು ದಾಲ್‌ಮಿಲ್ಲಿನ ಮೇಸ್ತ್ರಿಗಳಿಗಾಗಿ ‘ಬಾಸ್ ಆಗಬೇಡಿ, ಲೀಡರ್ ಆಗಿ’ ಎಂಬ ಸಾಲನ್ನು ಕನ್ನಡದಲ್ಲಿ ಬರೆದುಕೊಡಬೇಕಾಗಿದೆ. ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾರೆ. ‘ಯಜಮಾನರಾಗಬೇಡಿ, ನಾಯಕರಾಗಿ’ ಎಂದು ಬರೆದು ತೋರಿಸಿದಾಗ, ಬೇಳೆ ಹಸನು ಮಾಡುತ್ತಿದ್ದ ಹೆಣ್ಣುಮಗಳೊಬ್ಬರು ‘ಯಜಮಾನ್ರ ಬ್ಯಾಡಂದ್ರ ಮನಿ ಹೆಂಗ ನಡೀಬೇಕ್ರಿ?’ ಎಂದು ನಕ್ಕುಬಿಟ್ಟರು. ಮಿಲ್ಲಿನ ಇನ್ನೊಂದು ಗೋದಾಮು ಸುರಪುರದಲ್ಲಿದೆ. ಅಲ್ಲಿ ‘ನಾಯಕ’ ಎಂದೊಡನೆ ನೆನಪಾಗುವುದು ಅರಸು ಮನೆತನ ಮತ್ತು ಸಮುದಾಯ. ಬದಲಿ ಪದಗಳನ್ನು ಇಂದೇ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1:
‘ಮೇಲಾಳು’ ಮತ್ತು ‘ಮುಂದಾಳು’. ಅಚ್ಚಗನ್ನಡವಿರುವಾಗ ಸಂಸ್ಕೃತದ ಬಾಗಿಲು ತಟ್ಟುವುದೇಕೆ?

ಉತ್ತರ 2:
‘ಮೇಲಾಳು’ ಎಂದು ಯಾವ ಹಮಾಲರೂ ಆಡಿದ್ದನ್ನು ನಾನು ಕೇಳಿಲ್ಲ; ಅದನ್ನು ಬಿಡೋಣ. ‘ಯಜಮಾನ’ ಪದವೂ ಇಲ್ಲಿ ಸಲ್ಲದು, ಏಕೆಂದರೆ ಯಜ್ ಧಾತುವಿನಿಂದ ಬಂದ ಅದು ತನಗಾಗಿ, ತನ್ನ ಖರ್ಚಿನಲ್ಲಿ ಯಜ್ಞ ಮಾಡಿಸುವವನನ್ನು ಹೇಳುತ್ತದೆಯೇ ಹೊರತು ಗದರಿಸುವವನನ್ನಲ್ಲ. ‘ಮುಂದಾಳು’ ಒಪ್ಪುವ ಪದವೇ, ಆದರೆ ಹೆಚ್ಚುಕಡಿಮೆ ಅದೇ ಅರ್ಥದ ಪದವೊಂದು ನಮ್ಮ ಭಾಗದ ದುಡಿಯುವವರ ಬಾಯಲ್ಲಿ ಮೊದಲಿನಿಂದಲೂ ಇದೆ: ಮುಕಾದಮ. ಅರಬ್ಬಿಯ ‘ಮುಕದ್ದಮ್’ ಎಂದರೆ ಮುಂದೆ ನಿಲ್ಲಿಸಲ್ಪಟ್ಟವನು. ಹೆಜ್ಜೆ ಎಂಬರ್ಥದ ‘ಕದಮ್’ ಅದರ ಬಂಧು, ಕೋರ್ಟಿನ ‘ಮೊಕದ್ದಮೆ’ಯೂ ಅದೇ ಮನೆಯದು. ಹಾಗಿದ್ದರೂ ಬೀದರ್ ಕಡೆ ಕಬ್ಬು ಕಡಿಯುವ ಗುಂಪಿಗೆ ಮುಂಗಡ ಕೊಟ್ಟು ಕರೆತಂದು, ತಾನು ಬದುವಿನ ಮೇಲೆ ನಿಂತು ಕೂಗುವ ಮುಕಾದಮನನ್ನು ಯಾರೂ ಲೀಡರ್ ಎನ್ನುವುದಿಲ್ಲ. ಅರಬ್ಬಿಯಲ್ಲಿ ಒಡನಾಡಿ ಎಂಬ ಅರ್ಥವಿದ್ದ ‘ಸಾಹೇಬ’ ಕೂಡ ನಮ್ಮ ಕಚೇರಿಗಳಿಗೆ ಬರುವಷ್ಟರಲ್ಲಿ ಬಾಸ್ ಆಗಿದ್ದಾನೆ. ಆದ್ದರಿಂದ ಈ ವ್ಯತ್ಯಾಸವನ್ನು ನಾಮಪದಗಳಲ್ಲಿ ಹುಡುಕುವುದೇ ತಪ್ಪು. ಕನ್ನಡದ ಕ್ರಿಯಾಪದವು ‘ಇಸು’ ಪ್ರತ್ಯಯವೊಂದರಿಂದಲೇ ಅದನ್ನು ತೋರಿಸಿಬಿಡುತ್ತದೆ. ‘ಬರೀ ದುಡಿಸಬೇಡಿ, ಮುಂದೆ ನಿಂತು ದುಡಿಯಿರಿ’ ಎಂದು ಬರೆಸಿ.

ಉತ್ತರ 1ರವರು:
ಅಷ್ಟೆಲ್ಲ ಅರಬ್ಬಿ ಹೇಳಿ ಕೊನೆಗೆ ಅಚ್ಚಗನ್ನಡಕ್ಕೇ ಬಂದಿರಿ.

ಉತ್ತರ 2ರವರು:
ಈ ಸಾಲು ಹಾಗೆ ಒದಗಿತು, ಅಷ್ಟೆ. ಹಮಾಲ, ಮಾಲೀಕ, ಗೋದಾಮು ಎಂಬ ಪದಗಳನ್ನು ಹೊರಗೆ ಹಾಕಿದರೆ ಆ ಮಿಲ್ಲಿನಲ್ಲಿ ಒಂದು ಚೀಲವೂ ಮೇಲೇಳುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಗೋಡೆಯ ಅಗಲ ಎಂಟೇ ಅಡಿ ಇರುವುದರಿಂದ ‘ಬರೀ’ ಎಂಬುದನ್ನು ಬಿಟ್ಟರೆ ಅರ್ಥ ಕೆಡುತ್ತದೆಯೇ?

ಉತ್ತರ 2ರವರು:
ಕೆಡುತ್ತದೆ. ದುಡಿಸದ ಮೇಸ್ತ್ರಿಗೆ ಮಾಲೀಕರು ಪಗಾರ ಕೊಡುವುದಿಲ್ಲ.